ಪತ್ತೇದಾರಿ ಕಾದಂಬರಿ ಬರೆದವರು, ಬಾವುಟವನ್ನೂ ಕೊಟ್ಟವರು: ಮ. ರಾಮಮೂರ್ತಿ

ಸದಸ್ಯ ಬಂಧುಗಳೇ,

ರಾಜ್ಯೋತ್ಸವದಂದು ನಾವು ಏರಿಸುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದವರು ಮ. ರಾಮಮೂರ್ತಿ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅವರು ಕೊಲೆ, ಕಳವಿನ ಪತ್ತೇದಾರಿ ಕಾದಂಬರಿಗಳಿಂದಲೂ ಮನೆಮಾತಾಗಿದ್ದರು ಎಂಬುದು ಈಗಿನವರಿಗೆ ಅಷ್ಟಾಗಿ ತಿಳಿಯದು.

ರಾಮಮೂರ್ತಿಯವರು 1918ರ ಮಾರ್ಚ್ 11ರಂದು ನಂಜನಗೂಡಿನಲ್ಲಿ ಜನಿಸಿದರು. ತಂದೆ 'ವೀರಕೇಸರಿ' ಸೀತಾರಾಮ ಶಾಸ್ತ್ರಿಗಳು ಪತ್ರಕರ್ತರು, ಲೇಖಕರು. ಮಗನೂ ಅದೇ ದಾರಿ ಹಿಡಿದು 'ಕನ್ನಡ ಯುವಜನ' ಪತ್ರಿಕೆ ನಡೆಸಿದರು. ಪತ್ತೇದಾರಿ ಕಾದಂಬರಿಗಳನ್ನು ಒಂದರ ಹಿಂದೊಂದು ಬರೆದರು. ನಾಲ್ಕನೇ ತರಗತಿಯವರೆಗಷ್ಟೇ ಓದಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರೂ ಅದೇ ಕಾಲದವರು.

ಸಾಹಿತ್ಯದ ಪಂಕ್ತಿಯಲ್ಲಿ ಇಂಥ ಪುಸ್ತಕಗಳಿಗೆ ಎಲೆ ಹಾಕಿದವರು ಕಡಿಮೆ. ಆದರೆ ಕೊಲೆಯ ಬೆನ್ನು ಹತ್ತಿದ ಪತ್ತೇದಾರ ಎಡವುತ್ತಾನೆ, ತಪ್ಪು ಮನುಷ್ಯನನ್ನು ಶಂಕಿಸುತ್ತಾನೆ. ನಿಜವಾದ ಕೊಲೆಗಾರ ಯಾರೆಂದು ತಿಳಿಯುವತನಕ ಓದುಗ ಪುಸ್ತಕ ಕೆಳಗಿಡುವುದಿಲ್ಲ. ಹೀಗೆ ಎಷ್ಟೋ ಜನರಿಗೆ ಕನ್ನಡ ಓದುವ ರೂಢಿ ಬಂತು.

1960ರ ದಶಕದಲ್ಲಿ ರಾಮಮೂರ್ತಿಯವರು ಅ.ನ.ಕೃ. ಅವರೊಡನೆ ಬೀದಿಗಿಳಿದರು. ಬೆಂಗಳೂರಿನ ಸಂಗೀತ ಸಭೆ, ಚಿತ್ರಮಂದಿರ, ಕಾರ್ಖಾನೆಗಳಲ್ಲಿ ಕನ್ನಡಕ್ಕೆ, ಕನ್ನಡಿಗರಿಗೆ ಸ್ಥಾನ ಕೇಳಿದರು. ಕನ್ನಡ ಪಕ್ಷ ಕಟ್ಟಿದರು. ಅರಿಶಿನ ಕುಂಕುಮದ ಬಣ್ಣದ ನಮ್ಮ ಬಾವುಟ ಆ ಚಳವಳಿಯ ಕೊಡುಗೆ.

1967ರ ಡಿಸೆಂಬರ್ 25ರಂದು ತಮ್ಮ ಜಮೀನಿನಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ರಾಮಮೂರ್ತಿಯವರು, ಇಬ್ಬರು ಗಂಡುಮಕ್ಕಳ ಸಮೇತ ತೀರಿಕೊಂಡರು. ಆಗವರಿಗೆ 49 ವರ್ಷ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದನ್ನು ನೋಡಲು ಅವರು ಉಳಿಯಲಿಲ್ಲ.

1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಆದರೆ ಮನೆಯಲ್ಲಿ ಕನ್ನಡ ಆಡುವ ನಮ್ಮ ಮೊಮ್ಮಕ್ಕಳು ಇಂದು ಕನ್ನಡ ಅಕ್ಷರ ಕಂಡರೆ ತಡವರಿಸುತ್ತಾರೆ. ವರ್ಷಕ್ಕೊಮ್ಮೆ ಬಾವುಟ ಏರಿಸಿದರೆ ಅದು ಸರಿಹೋಗದು. ಕೈಗೆತ್ತಿಕೊಂಡರೆ ಬಿಡಲಾಗದಂಥ ಪುಸ್ತಕ ಅವರಿಗೆ ಬೇಕು. ರಾಮಮೂರ್ತಿಯವರು ಎರಡನ್ನೂ ಕೊಟ್ಟರು. ನಾವು ಬಾವುಟವನ್ನಷ್ಟೇ ಉಳಿಸಿಕೊಂಡಿದ್ದೇವೆ.

ಬರುವ ಮಾರ್ಚ್ 11ರಂದು ಅವರ ಜನ್ಮದಿನ ಆಚರಿಸಲಿದ್ದೇವೆ. ಅಟ್ಟದ ಮೇಲೆ, ಟ್ರಂಕಿನಲ್ಲಿ ಹಳೆಯ ಪತ್ತೇದಾರಿ ಕಾದಂಬರಿಗಳಿದ್ದರೆ ದಯಮಾಡಿ ತನ್ನಿ. ಜೊತೆಗೆ ಮಕ್ಕಳನ್ನೂ ಕರೆತನ್ನಿ.

ಇಂತಿ,
ಕಾರ್ಯದರ್ಶಿ