ಬಾಣ ಎತ್ತ ಹೊರಟಿದೆ? ಕೈಯ ಚಲನೆಯನ್ನು ಅಳೆದ ಪಾಲ್ ಫಿಟ್ಸ್

ವೆಬ್‌ಸೈಟಿನ ಮೆನುವಿನಲ್ಲಿ ಒಂದು ಸಾಲಿನ ಮೇಲೆ ಮೌಸ್ ಇಟ್ಟರೆ ಪಕ್ಕದಲ್ಲಿ ಇನ್ನೊಂದು ಪಟ್ಟಿ ತೆರೆಯುತ್ತದೆ. ಅದರ ಕೆಳತುದಿಯ ಆಯ್ಕೆಯತ್ತ ನಾವು ಓರೆಯಾಗಿ ಹೊರಟರೆ, ಬಾಣ ದಾರಿಯಲ್ಲಿ ಕೆಳಗಿನ ಸಾಲನ್ನು ತಾಗಿ, ಬೇಕಿದ್ದ ಪಟ್ಟಿಯೇ ಮುಚ್ಚಿಹೋಗುತ್ತದೆ. ಆಗ ನಮ್ಮ ಕೈಯನ್ನೇ ಬೈದುಕೊಳ್ಳುತ್ತೇವೆ. ತಪ್ಪು ನಿಜಕ್ಕೂ ಕೈಯದೇ? ಇಂಥದ್ದೇ ಪ್ರಶ್ನೆಯನ್ನು ಮೌಸ್ ಹುಟ್ಟುವ ಮೊದಲೇ ಕೇಳಿದವರು ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್.

ಫಿಟ್ಸ್ ಹುಟ್ಟಿದ್ದು 1912ರಲ್ಲಿ, ಟೆನೆಸ್ಸೀ ರಾಜ್ಯದ ಮಾರ್ಟಿನ್ ಎಂಬ ಊರಿನಲ್ಲಿ. ಎರಡನೇ ಮಹಾಯುದ್ಧದ ನಂತರ ಅವರು ಸೇನೆಯ ರೈಟ್ ಫೀಲ್ಡ್ ವಿಮಾನನೆಲೆಯಲ್ಲಿ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದರು. ಅಪಘಾತಗಳಿಗೆ ಪೈಲಟ್‌ನ ತಪ್ಪೇ ಕಾರಣ ಎಂದು ಷರಾ ಬರೆಯುತ್ತಿದ್ದ ಕಾಲವದು. ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ 1947ರಲ್ಲಿ ಇಂಥ 460 ತಪ್ಪುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಪೈಲಟ್‌ಗಳು ಒಂದು ಲಿವರ್ ಬದಲು ಇನ್ನೊಂದನ್ನು ಹಿಡಿದಿದ್ದರು. ಚಕ್ರ ಇಳಿಸುವ ಲಿವರ್ ಮತ್ತು ರೆಕ್ಕೆಯ ಫ್ಲ್ಯಾಪ್ ಲಿವರ್ ನಡುವಿನ ಗೊಂದಲವೂ ಅದರಲ್ಲಿತ್ತು. ದೋಷವಿದ್ದದ್ದು ಪೈಲಟ್‌ಗಿಂತ ಹೆಚ್ಚಾಗಿ ಕಾಕ್‌ಪಿಟ್‌ನ ವಿನ್ಯಾಸದಲ್ಲಿ.

ಮುಂದೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರು ಕೈಯ ಚಲನೆಯನ್ನೇ ಅಳೆದರು. ಎರಡು ಲೋಹದ ಪಟ್ಟಿಗಳನ್ನು ಕಡ್ಡಿಯಿಂದ ಒಂದಾದ ಮೇಲೊಂದರಂತೆ ವೇಗವಾಗಿ ಮುಟ್ಟಬೇಕು, ಗುರಿ ತಪ್ಪಬಾರದು, ಇಷ್ಟೇ ಪ್ರಯೋಗ. 1954ರಲ್ಲಿ ಪ್ರಕಟವಾದ ಫಲಿತಾಂಶವೇ ಇಂದಿನ ಫಿಟ್ಸ್ ನಿಯಮ. ಗುರಿ ದೂರವಿದ್ದಷ್ಟೂ, ಕಿರಿದಾದಷ್ಟೂ ಸಮಯ ಹೆಚ್ಚು ಬೇಕು. ದೂರವೂ ಅಗಲವೂ ಎರಡರಷ್ಟಾದರೆ ಸಮಯ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಫಿಟ್ಸ್ 1965ರಲ್ಲಿ ತೀರಿಕೊಂಡರು. ಮೌಸ್ ಸಾರ್ವಜನಿಕರ ಮುಂದೆ ಬಂದದ್ದು 1968ರಲ್ಲಿ. ಅದಕ್ಕೂ ಈ ನಿಯಮ ಹೊಂದುತ್ತದೆ ಎಂಬುದನ್ನು ಜೆರಾಕ್ಸ್ ಸಂಸ್ಥೆಯ ಸಂಶೋಧಕರು 1978ರಲ್ಲಿ ತೋರಿಸಿದರು.

ಮೆನುವಿನ ಕಿರಿಕಿರಿಗೂ ಉತ್ತರ ಇಲ್ಲಿಯೇ ಇದೆ. ಕಿರಿದಾದ ಸಾಲಿನೊಳಗೇ ಬಾಣವನ್ನು ನೇರವಾಗಿ ಸಾಗಿಸುವುದೆಂದರೆ ಗುರಿಯನ್ನು ಸುಮ್ಮನೆ ಕಿರಿದಾಗಿಸಿದಂತೆ. ಓರೆದಾರಿ ಹಿಡಿಯುವುದು ಕೈಗೆ ಸಹಜ. ಹಾಗಾಗಿ ಜಾಣ ಮೆನುಗಳು ಬಾಣದ ತುದಿಯಿಂದ ಪಕ್ಕದ ಪಟ್ಟಿಯ ಮೇಲಿನ ಮತ್ತು ಕೆಳಗಿನ ಮೂಲೆಗಳಿಗೆ ಕಾಣದ ತ್ರಿಕೋನವೊಂದನ್ನು ಎಳೆದುಕೊಳ್ಳುತ್ತವೆ. ಬಾಣ ಅದರೊಳಗೇ ಮುಂದುವರಿದರೆ ಪಟ್ಟಿ ತೆರೆದೇ ಇರುತ್ತದೆ. ನಿಂತರೆ ಅಥವಾ ಬೇರೆ ಕಡೆ ತಿರುಗಿದರೆ ಬದಲಾಗುತ್ತದೆ. ಈ ತ್ರಿಕೋನ ಫಿಟ್ಸ್ ಅವರದಲ್ಲ, ಅದರ ಹಿಂದಿನ ದೃಷ್ಟಿ ಮಾತ್ರ ಅವರದೇ.

ಕಂಪ್ಯೂಟರ್ ನಮ್ಮ ಮನಸ್ಸನ್ನು ಓದುತ್ತದೆ ಎನ್ನುವುದು ತಪ್ಪು ಕಲ್ಪನೆ. ಅದು ನೋಡುವುದು ಬಾಣದ ದಿಕ್ಕನ್ನಷ್ಟೇ. ಮುಂದಿನ ಸಲ ಮೆನು ಕೈಕೊಟ್ಟರೆ ನಮ್ಮ ಕೈಯನ್ನು ಬೈಯುವ ಮೊದಲು ಆ 460 ತಪ್ಪುಗಳನ್ನು ನೆನಪಿಸಿಕೊಳ್ಳೋಣ.