ಕೈರೋಪ್ರಾಕ್ಟಿಕ್ ಓದಿದರೆ ಎಂಬಿಬಿಎಸ್‌ಗೆ ಸಮವೇ? ಮೊದಲ ಶಾಲೆ ತೆರೆದ ಪಾಮರ್ ಕಥೆ ಇಲ್ಲಿದೆ

ಮೆಡಿಕಲ್ ಸೀಟು ಸಿಗದವರಿಗೆ ಅಮೆರಿಕದ ಕೈರೋಪ್ರಾಕ್ಟಿಕ್ ಕಾಲೇಜು ಪರ್ಯಾಯವೇ? ಉತ್ತರಕ್ಕಾಗಿ ನಾವು ಈ ಪದ್ಧತಿಯನ್ನು ಆರಂಭಿಸಿದ ಡ್ಯಾನಿಯಲ್ ಡೇವಿಡ್ ಪಾಮರ್ ಅವರ ಬದುಕನ್ನು ನೋಡೋಣ.

ಪಾಮರ್ ಹುಟ್ಟಿದ್ದು 1845ರಲ್ಲಿ, ಕೆನಡಾದ ಟೊರಾಂಟೊ ಸಮೀಪ. 20ರ ಹರೆಯದಲ್ಲಿ ಅಮೆರಿಕಕ್ಕೆ ಬಂದು ಶಾಲೆಯಲ್ಲಿ ಪಾಠ ಹೇಳಿದರು, ಜೇನು ಸಾಕಿದರು, ದಿನಸಿ ಅಂಗಡಿ ನಡೆಸಿದರು. ಬಳಿಕ ಕಾಂತಶಕ್ತಿಯಿಂದ ರೋಗ ವಾಸಿ ಮಾಡುವುದಾಗಿ ಹೇಳಿಕೊಂಡರು. ವೈದ್ಯಕೀಯ ಪದವಿ ಇರಲಿಲ್ಲ.

1895ರಲ್ಲಿ ಅಯೋವಾ ರಾಜ್ಯದ ಡಾವೆನ್‌ಪೋರ್ಟ್‌ನಲ್ಲಿ, ತಮ್ಮ ಕಟ್ಟಡದ ಕೆಲಸಗಾರ ಹಾರ್ವೆ ಲಿಲ್ಲಾರ್ಡ್ ಅವರ ಬೆನ್ನುಮೂಳೆ ಒತ್ತಿ ಕಿವುಡು ವಾಸಿ ಮಾಡಿದೆ ಎಂದರು. ಆದರೆ ಕಿವಿಯಿಂದ ಮಿದುಳಿಗೆ ಹೋಗುವ ನರ ಇರುವುದು ತಲೆಬುರುಡೆಯೊಳಗೆ. ಅದು ಬೆನ್ನುಮೂಳೆಯ ಮೂಲಕ ಹಾಯುವುದೇ ಇಲ್ಲ.

ಆದರೂ ಬಹುತೇಕ ರೋಗಗಳಿಗೆ ಬೆನ್ನುಮೂಳೆ ಸರಿದಿರುವುದೇ ಕಾರಣ ಎಂದು ಸಾರಿದ ಪಾಮರ್, 1897ರಲ್ಲಿ ಶಾಲೆ ತೆರೆದರು. 1906ರಲ್ಲಿ ಪರವಾನಗಿ ಇಲ್ಲದೆ ವೈದ್ಯವೃತ್ತಿ ನಡೆಸಿದ್ದಕ್ಕೆ ಜೈಲು ಸೇರಿ, ಕೆಲವು ದಿನಗಳ ನಂತರ ದಂಡ ಕಟ್ಟಿ ಹೊರಬಂದರು. ಶಾಲೆ ಮಗ ಬಿ.ಜೆ. ಪಾಮರ್ ಕೈಸೇರಿತು. 1913ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡರು. ಅದು ಬ್ಯಾಕ್ಟೀರಿಯಾದಿಂದ ಬರುವ ರೋಗ, ಮೂಳೆ ಒತ್ತಿದರೆ ಹೋಗುವಂಥದ್ದಲ್ಲ.

ಇಂದು ಅಮೆರಿಕದಲ್ಲಿ ಕೈರೋಪ್ರಾಕ್ಟಿಕ್ ಪರವಾನಗಿ ಇರುವ ವೃತ್ತಿ. ಸೊಂಟನೋವು ಇರುವ ಕೆಲವರಿಗೆ ಇದರಿಂದ ಸ್ವಲ್ಪ ಆರಾಮವೂ ಸಿಗುತ್ತದೆ. ಆದರೆ ಕುತ್ತಿಗೆ ತಿರುಚುವಾಗ ಅಪರೂಪಕ್ಕೆ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಬಡಿದ ಪ್ರಕರಣಗಳಿವೆ.

ಹಾಗಾದರೆ ಸತ್ಯವೇನು? ಈ ಪದವೀಧರರ ಹೆಸರಿನ ಮುಂದೆ 'ಡಾಕ್ಟರ್' ಎಂದಿದ್ದರೂ ಅದು ಎಂಬಿಬಿಎಸ್ ಅಲ್ಲ. ಆ ಪದವಿಯಿಂದ ಭಾರತದಲ್ಲಿ ಎಂಬಿಬಿಎಸ್ ವೈದ್ಯರಾಗಿ ನೋಂದಣಿ ಸಿಗದು. ಶುಲ್ಕ ಕಟ್ಟುವ ಮೊದಲೇ ಇದು ಗೊತ್ತಿರಲಿ.