ವ್ಯಕ್ತಿ ಪರಿಚಯ: ಲಾರೆನ್ಸ್ ವೆಲ್ಕ್



ಈ ಸಲ ನಾವು ಆರಿಸಿಕೊಂಡವರು ಕನ್ನಡಿಗರಲ್ಲ, ಭಾರತೀಯರೂ ಅಲ್ಲ. ಅಮೆರಿಕದ ಟಿ.ವಿ.ಯಲ್ಲಿ ಬಹುಕಾಲ ವಾದ್ಯವೃಂದ ನಡೆಸಿದ ಲಾರೆನ್ಸ್ ವೆಲ್ಕ್. ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಮಾತು ಎಂದು ಬದುಕುವ ನಮಗೆ ಅವರ ಬಾಲ್ಯ ಹತ್ತಿರದ್ದೆನಿಸಿತು.

ವೆಲ್ಕ್ ಹುಟ್ಟಿದ್ದು 1903ರ ಮಾರ್ಚ್ 11ರಂದು, ನಾರ್ತ್ ಡಕೋಟಾ ರಾಜ್ಯದ ಸ್ಟ್ರಾಸ್‌ಬರ್ಗ್ ಎಂಬ ಸಣ್ಣ ಊರಿನ ಹೊರಗೆ, ಹೊಲದ ಮನೆಯಲ್ಲಿ. ಎಂಟು ಮಕ್ಕಳಲ್ಲಿ ಆರನೆಯವರು. ಜರ್ಮನರಾದರೂ ತಂದೆ ಲುಡ್ವಿಗ್ ಮತ್ತು ತಾಯಿ ಕ್ರಿಸ್ಟಿಯಾನಾ ಜರ್ಮನಿಯಿಂದ ಬಂದವರಲ್ಲ. ಹಿರಿಯರು ಅಲ್ಸೇಸ್ ಸೀಮೆ ಬಿಟ್ಟು ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ಸುತ್ತ ಬೇಸಾಯಕ್ಕೆ ನೆಲೆಸಿದ್ದರು. ಅಲ್ಲಿಂದ ಈ ದಂಪತಿ 1892ರಲ್ಲಿ ಅಮೆರಿಕ ಸೇರಿದರು. ಎರಡು ಸಲ ದೇಶ ಬದಲಾದರೂ ಮನೆಮಾತು ಜರ್ಮನ್ ಆಗಿಯೇ ಉಳಿಯಿತು. ಮರವಿಲ್ಲದ ಬಯಲು ಸೀಮೆ, ಆದ್ದರಿಂದ ಮನೆಗೂ ಮಣ್ಣೇ ಗತಿ. ಅಕ್ಕಪಕ್ಕದ ರೈತರೂ ರಷ್ಯಾದಿಂದ ಬಂದ ಜರ್ಮನರೇ ಆಗಿದ್ದರಿಂದ ಹುಡುಗನಿಗೆ ಇಂಗ್ಲಿಷಿನ ಅಗತ್ಯವೇ ಬೀಳಲಿಲ್ಲ.

ಹನ್ನೊಂದನೆಯ ವಯಸ್ಸಿಗೆ ಅಪೆಂಡಿಕ್ಸ್ ಒಡೆದು ಜೀವಕ್ಕೇ ಅಪಾಯವಾಗಿತ್ತು. ತಿಂಗಳುಗಟ್ಟಲೆ ಹಾಸಿಗೆ. ಆಗ ಜೊತೆಗಿದ್ದದ್ದು ತಂದೆಯ ಹಳೆಯ ಅಕಾರ್ಡಿಯನ್. ನಾಲ್ಕನೆಯ ತರಗತಿಯ ಆಚೆಗೆ ಶಾಲೆ ಮುಂದುವರಿಯಲಿಲ್ಲ.

ಹದಿನೇಳಕ್ಕೆ ಅವರಿಗೆ ಒಳ್ಳೆಯ ಅಕಾರ್ಡಿಯನ್ ಬೇಕಾಯಿತು. ಅಂಚೆಯಲ್ಲಿ ತರಿಸಬೇಕು, ಬೆಲೆ 400 ಡಾಲರ್. ರೈತನ ಮನೆಗೆ ಅದು ದೊಡ್ಡ ಹಣ. ತಂದೆ ಕೊಡಲು ಒಪ್ಪಿದರು, ಒಂದು ಕರಾರಿನ ಮೇಲೆ: 21 ತುಂಬುವವರೆಗೆ ಹೊಲದಲ್ಲಿ ದುಡಿಯಬೇಕು, ಮದುವೆ-ಕುಣಿತಗಳಲ್ಲಿ ನುಡಿಸಿ ಬಂದ ಕಾಸೂ ಮನೆಗೇ ಸೇರಬೇಕು. ನಾಲ್ಕು ವರ್ಷದ ದುಡಿಮೆಗೆ ಒಂದು ವಾದ್ಯ! ಗುಮಾಸ್ತಿಕೆ ಮಾಡಿ ಲೆಕ್ಕ ಬರೆದ ನಮ್ಮ ಕಣ್ಣಿಗೆ ಇದು ಸಾಲ ಕೊಟ್ಟವರಿಗೇ ಲಾಭದ ಕರಾರು. ಹುಡುಗ ಮಾತ್ರ ಒಂದು ದಿನವೂ ಮೊದಲು ಕದಲಲಿಲ್ಲ. 1924ರಲ್ಲಿ, 21 ತುಂಬಿದ ಹುಟ್ಟುಹಬ್ಬದ ದಿನವೇ ಮನೆ ಬಿಟ್ಟರು. ತಂದೆಗೆ ಮಗ ಹೊಲದಲ್ಲೇ ಉಳಿಯಬೇಕೆಂಬ ಆಸೆ ಇತ್ತು. ಅದು ನಡೆಯಲಿಲ್ಲ.

ಹೊರಟಾಗ ಇಂಗ್ಲಿಷ್ ಬಹಳ ಕಡಿಮೆ. ಊರೂರು ಅಲೆಯುತ್ತ ಕಲಿತರು. 1927ರಲ್ಲಿ ಸೌತ್ ಡಕೋಟಾದ ಯಾಂಕ್ಟನ್ ರೇಡಿಯೊ ಕೇಂದ್ರದಲ್ಲಿ ಅವಕಾಶ ಸಿಕ್ಕಿತು. 1955ರಿಂದ ಎಬಿಸಿ ವಾಹಿನಿಯಲ್ಲಿ ದೇಶವಿಡೀ ಅವರ ಕಾರ್ಯಕ್ರಮ. 1971ರಲ್ಲಿ ವಾಹಿನಿ ಕೈಬಿಟ್ಟಾಗ ಸುಮ್ಮನೆ ಕೂರದೆ ಬೇರೆ ಬೇರೆ ಕೇಂದ್ರಗಳ ಮೂಲಕ 1982ರವರೆಗೆ ನಡೆಸಿದರು.

ಅವರ ಇಂಗ್ಲಿಷಿನ ಜರ್ಮನ್ ಧಾಟಿ ಕೊನೆಯವರೆಗೂ ಹೋಗಲಿಲ್ಲ. ಹಾಸ್ಯಗಾರರು ಅದನ್ನು ಅನುಕರಿಸಿ ನಗಿಸಿದರು. ನಮ್ಮ ಮಲಯಾಳಕ್ಕೆ, ಮರಾಠಿಗೆ, ತೆಲುಗಿಗೆ ನಕ್ಕವರನ್ನು ನಾವೂ ಕಂಡವರೇ. ಆದರೆ ಕೋಟ್ಯಂತರ ಮನೆಗಳು ಅವರನ್ನು ಗುರುತಿಸಿದ್ದು ಆ ಧಾಟಿಯಿಂದಲೇ.

ವೆಲ್ಕ್ 1992ರ ಮೇ 17ರಂದು ತೀರಿಕೊಂಡರು. ಸ್ಟ್ರಾಸ್‌ಬರ್ಗ್‌ನ ಆ ಮಣ್ಣಿನ ಮನೆಯನ್ನು 2015ರಲ್ಲಿ ನಾರ್ತ್ ಡಕೋಟಾದ ರಾಜ್ಯ ಇತಿಹಾಸ ಸಂಸ್ಥೆ ಕೊಂಡು, ರಷ್ಯಾದಿಂದ ಬಂದ ಜರ್ಮನ್ ರೈತರ ನೆನಪಿಗಾಗಿ ಕಾಪಾಡುತ್ತಿದೆ.

– ಕಾರ್ಯದರ್ಶಿ